ಸತ್ತವಳ ಹೆಸರಿನ ಮನೆ

ಪಕ್ಕದ ಮನೆಗೆ ಹನ್ನೊಂದು ಮೆಟ್ಟಿಲು. ನಮ್ಮ ಮನೆಗೂ ಅಷ್ಟೇ. ಓಕ್ಲ್ಯಾಂಡಿನ ಆ ಬೀದಿಯಲ್ಲಿ ಮನೆಗಳೆಲ್ಲ ಹಾಗೇ. ಮರದವು, ಎತ್ತರದವು, ನಮ್ಮಜ್ಜಿಗಿಂತ ಹಳೆಯವು. ಕೆಳಗೆ ಕತ್ತಿನೆತ್ತರದ ಜಾಗ ಬಿಟ್ಟು ಅದರ ಮೇಲೆ ಮನೆ ಕಟ್ಟಿದ್ದಾರೆ. ಯಾಕೆ ಹೀಗೆ ಎಂದು ಮಗಳನ್ನು ಕೇಳಿದರೆ "ಸ್ಟೈಲು ಕಣವ್ವ" ಎಂದಳು. ಅವಳಿಗೂ ಗೊತ್ತಿರಲಿಲ್ಲ.

ಮಗಳು ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಅಳಿಯನಿಗೆ ಬಂದರಿನಲ್ಲಿ ಕೆಲಸ, ಯಾವ ಕಂಟೇನರು ಬಂತು ಯಾವುದು ಹೋಯಿತು ಎಂದು ಬರೆದುಕೊಳ್ಳುವ ಆಫೀಸು. ನಾನು ಮಗಳ ಬಾಣಂತನಕ್ಕೆಂದು ಬಂದವಳು ಹಾಗೇ ಉಳಿದುಬಿಟ್ಟೆ. ಗಂಡ ತೀರಿಕೊಂಡಿದ್ದ. ಇಲ್ಲಿ ಕೆಲಸವಿತ್ತು, ಮಗು ಇತ್ತು. ಅಷ್ಟೇ ಕಾರಣ.

ಆ ಬೀದಿಯಲ್ಲಿ ಬಾಡಿಗೆ ಕಡಿಮೆ. ಯಾಕೆ ಕಡಿಮೆ ಎಂದರೆ ಅದು ಕಪ್ಪು ಜನರ ಬೀದಿ. ಯುಗಾದಿಗೆ ಸ್ಯಾನ್ ಹೊಸೆಯಲ್ಲಿ ಕನ್ನಡದವರೆಲ್ಲ ಸೇರುತ್ತಿದ್ದರು. ಒಬ್ಬಟ್ಟಿನ ಸಾಲಿನಲ್ಲಿ ನಿಂತಾಗ ಯಾರಾದರೂ "ನಿಮ್ಮನೆ ಎಲ್ಲಿ ಆಂಟಿ?" ಎಂದು ಕೇಳುವರು. ಹೇಳಿದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. "ಅಯ್ಯೋ, ಅಲ್ಲೇನಾ? ಸೇಫಾ?" ಎನ್ನುವರು. ಅವರನ್ನು ಬೈದು ಪ್ರಯೋಜನವಿಲ್ಲ. ಮೊದಲ ಆರು ತಿಂಗಳು ನಾನೂ ಬಾಗಿಲಿಗೆ ಎರಡು ಚಿಲಕ ಹಾಕಿಕೊಂಡು ಒಳಗೆ ಕೂತಿದ್ದವಳೇ.

ಚಿಲಕ ತೆಗೆಸಿದ್ದು ಸಂಡಿಗೆ. ಬಿಸಿಲು ಚೆನ್ನಾಗಿದೆ ಎಂದು ಒಂದು ದಿನ ಜಗಲಿಯಲ್ಲಿ ಹಳೆ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದೆ. ಪಕ್ಕದ ಮನೆಯವಳು ತನ್ನ ಜಗಲಿಯಿಂದ ಕತ್ತು ಚಾಚಿ ನೋಡಿದಳು. ಎತ್ತರದ ಹೆಂಗಸು, ನೆರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದಳು.

"ಏನದು, ಸೋಪು ಮಾಡ್ತಿದೀಯಾ?"

ನನ್ನ ಇಂಗ್ಲಿಷು ಅಂಗಡಿ ಇಂಗ್ಲಿಷು. ಅವಳು ಹೇಳಿದ್ದು ನನಗೆ ಅರ್ಥವಾದ ಹಾಗೆ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ನಾನು ಹೇಳಿದ್ದನ್ನೂ ಸ್ವಲ್ಪ ನೆಟ್ಟಗೆ ಮಾಡಿ ಬರೆಯುತ್ತೇನೆ. ಅವತ್ತು ನಾನು "ತಿನ್ನೋದು" ಎಂದೆ. ಅವಳು ನಂಬಲಿಲ್ಲ. ನಾಲ್ಕು ದಿನ ಕಳೆದು ಕರಿದು ಕೊಟ್ಟೆ. ತಿಂದಳು. ಉಪ್ಪು ಸಾಲದು ಎಂದಳು. ಮೊದಲ ಸಲ ಒಬ್ಬರ ಮನೆಯ ತಿಂಡಿ ತಿಂದು ಹೀಗೆ ಹೇಳುವವಳು ಸುಳ್ಳು ಹೇಳುವವಳಲ್ಲ ಎಂದು ಅನ್ನಿಸಿತು. ಮುಂದೆ ಅದು ನಿಜವೇ ಆಯಿತು.

ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಅಕ್ಕ ಎಂದು ಕರೆಯತೊಡಗಿದೆ. ಹಾಗೆಂದರೇನು ಎಂದು ಕೇಳಿದಳು, ಹೇಳಿದೆ. "ನಾನು ಮುದುಕಿ ಅಂತ ಹೇಳೋಕೆ ನಿಮ್ಮಲ್ಲಿ ಬೇರೆ ಪದಾನೇ ಇಟ್ಟಿದ್ದೀರಾ?" ಎಂದಳು. ಆದರೂ ಕರೆದರೆ ತಿರುಗಿ ನೋಡುತ್ತಿದ್ದಳು.

ನಮ್ಮ ಮಂಡ್ಯದ ಕಡೆ ಯಾರ ಪರಿಚಯವಾದರೂ ಮೊದಲು ಕೇಳುವುದು ಎರಡು ಮಾತು. ಯಾರ ಪೈಕಿ, ಮತ್ತು ಮನೆ ಯಾರ ಹೆಸರಲ್ಲಿದೆ. ಅಕ್ಕನನ್ನೂ ಕೇಳಿದೆ.

"ಅಮ್ಮನ ಹೆಸರಲ್ಲಿ" ಎಂದಳು.

"ಅಮ್ಮ ಎಲ್ಲಿ?"

"ಸತ್ತು ಹದಿನೇಳು ವರ್ಷ ಆಯ್ತು."

"ಹೆಸರು ಬದಲಾಯಿಸಲಿಲ್ವಾ?"

"ಯಾಕೆ ಬದಲಾಯಿಸಬೇಕು? ತೆರಿಗೆ ನಾನು ಕಟ್ತೀನಿ. ಸೂರು ಸೋರಿದ್ರೆ ನಾನು ಹತ್ತುತೀನಿ. ಮನೆ ಯಾರದು ಅಂತ ಬೀದಿಗೆಲ್ಲ ಗೊತ್ತು. ಲಾಯರ ಹತ್ರ ಹೋದ್ರೆ ಅವನ ಹೆಸರಿಗೆ ಮಾಡ್ಕೊಂಡುಬಿಡ್ತಾನೆ."

ನನಗೆ ಇದು ಹೊಸದೇನಲ್ಲ. ನಮ್ಮೂರಲ್ಲೂ ಸತ್ತು ಮೂರು ತಲೆಮಾರಾದವರ ಹೆಸರಲ್ಲಿ ಪಹಣಿ ಬರುತ್ತಿತ್ತು. ಉಳುವವನು ಒಬ್ಬ, ಕಾಗದದಲ್ಲಿ ಇರುವವನು ಇನ್ನೊಬ್ಬ.

ಅವರಮ್ಮ ದೊಡ್ಡ ಯುದ್ಧದ ಕಾಲದಲ್ಲಿ ಈ ದೇಶದ ದಕ್ಷಿಣದ ಕಡೆಯಿಂದ ಹಡಗು ಕಟ್ಟುವ ಕೆಲಸಕ್ಕೆ ಬಂದವಳಂತೆ. ಮೊದಲು ಇದ್ದದ್ದು ಮೂರು ಬೀದಿ ಆಚೆಯ ಸರ್ಕಾರಿ ಮನೆಗಳಲ್ಲಿ. ಅಕ್ಕನೂ ಅವಳ ತಮ್ಮನೂ ಹುಟ್ಟಿದ್ದು ಅಲ್ಲೇ. ಯುದ್ಧ ಮುಗಿದ ಮೇಲೆ ಅಮ್ಮ ರೈಲು ಡಬ್ಬಿ ತೊಳೆಯುವ ಕೆಲಸ ಹಿಡಿದು, ವರ್ಷಗಟ್ಟಲೆ ಕೂಡಿಟ್ಟು ಈ ಮನೆ ಕೊಂಡಳು. ಗುಡ್ಡದ ಕಡೆ ಇದಕ್ಕಿಂತ ಒಳ್ಳೆಯ ಮನೆಗಳಿದ್ದವಂತೆ, ಆದರೆ ಕಪ್ಪು ಜನರಿಗೆ ಮಾರುತ್ತಿರಲಿಲ್ಲ, ಬ್ಯಾಂಕಿನವರು ಸಾಲವನ್ನೂ ಕೊಡುತ್ತಿರಲಿಲ್ಲ. "ನೀವು ಕೊಳ್ಳೋದಾದ್ರೆ ಇಂಥ ಬೀದಿಲಿ ಕೊಳ್ಳಿ ಅಂತ ಗೆರೆ ಎಳೆದಿದ್ರು" ಎಂದಳು ಅಕ್ಕ. "ನಿಮ್ಮೂರಲ್ಲಿ ಇಂಥದ್ದೆಲ್ಲ ಇರಲ್ಲ, ಅಲ್ವಾ?"

ನಮ್ಮೂರಿನ ಕೇರಿ ಎಲ್ಲಿಂದ ಶುರುವಾಗುತ್ತಿತ್ತು, ಕೇರಿಯವರು ಕೈಯಲ್ಲಿ ದುಡ್ಡು ಹಿಡಿದು ಬಂದರೂ ಊರೊಳಗೆ ನಮ್ಮಪ್ಪ ಅವರಿಗೆ ಒಂದು ಅಂಕಣದ ಜಾಗವನ್ನೂ ಮಾರುತ್ತಿರಲಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಬೇರೆ ಕಥೆ ಹೇಳಿದೆ, ನನ್ನ ಸೈನಿನ ಕಥೆ.

ನನ್ನ ಅಣ್ಣಂದಿರಿಬ್ಬರು ಒಂದು ಬೆಳಿಗ್ಗೆ ಕಾರು ಮಾಡಿಕೊಂಡು ಬಂದು ನನ್ನನ್ನೂ ನನ್ನ ತಂಗಿಯನ್ನೂ ಮದ್ದೂರಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದರು. ಅಪ್ಪನ ಜಮೀನಿನಲ್ಲಿ ನಮಗೆ ಪಾಲು ಬೇಡ ಎಂದು ಹಕ್ಕು ಬಿಡುಗಡೆ ಪತ್ರ. ಎಲ್ಲಿ ಸೈನು ಹಾಕಬೇಕು ಎಂದು ಬರಹಗಾರ ಪೆನ್ಸಿಲಿನಲ್ಲಿ ಗುರುತು ಮಾಡಿದ್ದ. ನಾಲ್ಕನೇ ಕ್ಲಾಸು ಓದಿದ್ದೇನೆ, ಹೆಬ್ಬೆಟ್ಟು ಒತ್ತಲಿಲ್ಲ, ಹೆಸರು ಬರೆದೆ. ಆಮೇಲೆ ವಡೆ ತಿನ್ನಿಸಿದರು, ಒಂದೊಂದು ಸೀರೆ ಕೊಟ್ಟರು. ಏನು ಬರೆದಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ. ಇಲ್ಲವೆಂದರೆ ತವರಿಗೆ ಹೋದಾಗ ಯಾರೂ ಒಂದು ಲೋಟ ನೀರು ಕೊಡುತ್ತಿರಲಿಲ್ಲ.

"ಒಂದು ಸೀರೆಗಾ?" ಎಂದಳು ಅಕ್ಕ.

"ಜರಿ ಸೀರೆ."

"ಓ, ಜರಿ. ಅದು ಬೇರೆ ಮಾತು ಬಿಡು" ಎಂದು ನಕ್ಕಳು. ನಾನೂ ನಕ್ಕೆ. ಬಹಳ ದಿನದ ಮೇಲೆ ಆ ವಿಷಯಕ್ಕೆ ನಕ್ಕಿದ್ದು.

ಅಕ್ಕನ ತಮ್ಮ ಈಗ ಇದ್ದದ್ದು ಮತ್ತೆ ಆ ಸರ್ಕಾರಿ ಮನೆಗಳಲ್ಲೇ. ಹೆಂಡತಿ ಬಿಟ್ಟು ಹೋದ ಮೇಲೆ ಅಲ್ಲಿ ಮೆಟ್ಟಿಲಿಲ್ಲದ ಕೆಳಮನೆ ಒಂದನ್ನು ಬಾಡಿಗೆಗೆ ಹಿಡಿದಿದ್ದ. ಸಕ್ಕರೆ ಕಾಯಿಲೆಯಲ್ಲಿ ಒಂದು ಪಾದ ತೆಗೆದಿದ್ದರು, ಕಣ್ಣೂ ಮಂಜಾಗಿತ್ತು. ಭಾನುವಾರ ಚರ್ಚು ಮುಗಿದ ಮೇಲೆ ಗಾಲಿ ಕುರ್ಚಿಯಲ್ಲಿ ಬರುತ್ತಿದ್ದ. ಹನ್ನೊಂದು ಮೆಟ್ಟಿಲು ಹತ್ತುವುದು ಅವನಿಂದ ಆಗದು. ಮೆಟ್ಟಿಲ ಬುಡದಲ್ಲಿ ಅಕ್ಕ ಅವನಿಗೆಂದೇ ಕೈ ಇರುವ ಮರದ ಕುರ್ಚಿ ಒಂದನ್ನು ಇಟ್ಟಿದ್ದಳು. ಅದಕ್ಕೆ ಜರುಗಿ ಕೂರುತ್ತಿದ್ದ. ಅವಳು ಮೇಲಿನಿಂದ ತಟ್ಟೆ ತಂದು ಕೊಡುತ್ತಿದ್ದಳು.

"ಮೇಲಿನ ಅರ್ಧ ನಿಂದು, ಕೆಳಗಿನ ಅರ್ಧ ನಂದು" ಎನ್ನುತ್ತಿದ್ದ ಅವನು, ಕೋಳಿ ಕಾಲು ಚೀಪುತ್ತ.

"ಕೆಳಗಿನ ಅರ್ಧದಲ್ಲಿ ಇಲಿ ಇದಾವೆ. ಬಾಡಿಗೆ ವಸೂಲು ಮಾಡ್ಕೋ ಹೋಗು."

"ನಿನ್ನ ಅಡುಗೆ ತಿಂದು ಅವೂ ಸತ್ತಿರ್ತವೆ."

ಪ್ರತಿ ಭಾನುವಾರ ಇದೇ ಮಾತು. ಮೊಮ್ಮಗಳು ನಮ್ಮ ಜಗಲಿಯಲ್ಲಿ ನಿಂತು ಅವರಿಗಿಂತ ಮೊದಲೇ ಬಾಯಿಪಾಠ ಒಪ್ಪಿಸುತ್ತಿದ್ದಳು.

ಅಷ್ಟರಲ್ಲಿ ಡಾಟ್ ಕಾಮ್ ಕಾಲ ಬಂತು. ಅದು ಏನೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕಂಡದ್ದು ಹೇಳುತ್ತೇನೆ. ಸೇತುವೆಯಾಚೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಕಟ್ಟಲಾಗದೆ ಬಿಳಿಯ ಹುಡುಗ ಹುಡುಗಿಯರು ನಮ್ಮ ಕಡೆ ಬರತೊಡಗಿದರು. ಬೆಳಿಗ್ಗೆ ನಾಯಿ ಹಿಡಿದುಕೊಂಡು ಓಡುವರು. ಮೂಲೆಯ ಲಾಂಡ್ರಿ ಮುಚ್ಚಿ ಕಾಫಿ ಅಂಗಡಿಯಾಯಿತು. ವರ್ಷಗಟ್ಟಲೆ ಹಲಗೆ ಹೊಡೆದು ಮುಚ್ಚಿದ್ದ ಮನೆಗಳಿಗೆ ಬೂದು ಬಣ್ಣ ಬಂತು. ಪೊಲೀಸಿನವರು ಫೋನು ಮಾಡಿದ ಹತ್ತು ನಿಮಿಷಕ್ಕೆ ಬರತೊಡಗಿದರು. "ಮೂವತ್ತು ವರ್ಷದಿಂದ ನಾವು ಕರೀತಿದ್ವಿ. ಇವರ ಫೋನಿಗೆ ತಂತಿ ದಪ್ಪ ಇದೆಯೇನೋ" ಎಂದಳು ಅಕ್ಕ.

ಸರ್ಕಾರಿ ಮನೆಗಳನ್ನು ಕೆಡವುತ್ತೇವೆ ಎಂದು ನೋಟಿಸು ಬಂದದ್ದು ಆಗಲೇ. ಕೆಡವಿ ಚಂದದ ಹೊಸ ಮನೆ ಕಟ್ಟುತ್ತಾರಂತೆ. ಆದರೆ ಹಳೆಯವರೆಲ್ಲರಿಗೂ ಅಲ್ಲಿ ಜಾಗ ಸಿಗುತ್ತದೆಂಬ ಭರವಸೆ ಇಲ್ಲ. ಅಲ್ಲಿಯವರೆಗೆ ಬೇರೆ ಕಡೆ ಬಾಡಿಗೆ ಹಿಡಿಯಲು ಒಂದೊಂದು ಕಾಗದ ಕೊಟ್ಟರು. ಬಾಡಿಗೆಯಲ್ಲಿ ದೊಡ್ಡ ಪಾಲನ್ನು ಸರ್ಕಾರ ಕಟ್ಟುತ್ತದೆ ಎಂದು ಅದರಲ್ಲಿತ್ತು. ಅಕ್ಕನ ತಮ್ಮ ಆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಕೊಂಡು ಮನೆ ಮನೆ ತಿರುಗಿದ. ಕಾಗದ ನೋಡಿದ ಕೂಡಲೇ ಮನೆ ಆಗಲೇ ಹೋಯಿತು ಎನ್ನುವರು. ಡಾಟ್ ಕಾಮಿನವರು ಕೇಳಿದಷ್ಟು ಕೊಡುವಾಗ ಸರ್ಕಾರದ ಕಾಗದ ಯಾರಿಗೆ ಬೇಕು. ಬೇಸಿಗೆ ಮುಗಿಯುವುದರೊಳಗೆ ಅವನು ಖಾಲಿ ಮಾಡಬೇಕಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ.

ಮತ್ತೆ ಸಂಡಿಗೆ ಇಟ್ಟ ದಿನ. ಇಸ್ತ್ರಿ ಅಂಗಿಯ ಒಬ್ಬ ಗಂಡಸು ಬಾಗಿಲು ಬಾಗಿಲಿಗೆ ಕಾಗದ ಸಿಕ್ಕಿಸುತ್ತ ಬಂದ. ನಮ್ಮ ಮನೆ ಮೆಟ್ಟಿಲಿಗೆ ಕಾಲಿಟ್ಟವನು ಮೇಲೆ ನೋಡಿ ನಿಂತುಬಿಟ್ಟ.

"ಅಜ್ಜಿ! ಸಂಡಿಗೆನಾ ಅದು?"

ಕನ್ನಡ. ಆ ಬೀದಿಯಲ್ಲಿ ಹೊರಗಿನವರ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಮಗಳು ಡ್ಯೂಟಿಯಲ್ಲಿರುವಾಗ ಇಡೀ ದಿನ ನನ್ನ ಜೊತೆ ಕನ್ನಡ ಆಡುವವರು ಯಾರೂ ಇಲ್ಲ. ಮೊಮ್ಮಗಳು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

"ಬಾರಪ್ಪ ಮ್ಯಾಕೆ. ಯಾವೂರು ನಿಂದು?"

"ಚನ್ನರಾಯಪಟ್ಟಣದ ಹತ್ರ ಅಜ್ಜಿ. ಈಗ ಫ್ರೀಮಾಂಟಲ್ಲಿದೀನಿ. ರಿಯಲ್ ಎಸ್ಟೇಟು."

ಯಾರ ಪೈಕಿ ಎಂದು ಕೇಳಿದೆ, ಹೇಳಿದ. ಅವನ ಸೋದರಮಾವನ ಹೆಂಡತಿಯ ಊರು ನಮ್ಮೂರಿಗೆ ಎರಡು ಮೈಲಿ. ಅಷ್ಟು ಸಾಕಾಯಿತು. ಉಪ್ಪಿಟ್ಟು ಮಾಡಿದೆ, ಕಾಫಿ ಕೊಟ್ಟೆ. ಎರಡನೇ ಸಲವೂ ಹಾಕಿಸಿಕೊಂಡು ತಿಂದ. ತಟ್ಟೆ ತೊಳೆಯಲು ಹೋದ, ಬೇಡವೆಂದೆ. ಆಮೇಲೆ ಕೇಳಿದ.

"ಪಕ್ಕದ್ದು ಯಾರದು ಅಜ್ಜಿ? ರೆಕಾರ್ಡಲ್ಲಿ ಯಾವುದೋ ಲೇಡಿ ಹೆಸರಿದೆ. ಮೂರು ಲೆಟರ್ ಹಾಕಿದೀವಿ, ರಿಪ್ಲೈ ಇಲ್ಲ."

"ಸತ್ತೋರು ಎಂಗಪ್ಪ ರಿಪ್ಲೈ ಆಕ್ತಾರೆ?"

ಅಲ್ಲಿಂದ ಹೇಳುತ್ತ ಹೋದೆ. ಅವರಮ್ಮ ರೈಲು ಡಬ್ಬಿ ತೊಳೆದದ್ದು. ಹೆಸರು ಬದಲಾಯಿಸದೆ ಇದ್ದದ್ದು. ಮಕ್ಕಳು ಇಬ್ಬರೇ. ಮಗಳು ಇಲ್ಲಿ, ಮಗ ಸರ್ಕಾರಿ ಮನೆಯಲ್ಲಿ, ಕೆಳಮನೆ, ಅಂಚೆ ಡಬ್ಬದ ಎದುರಿನ ಬಾಗಿಲು. ಅವನಿಗೆ ಪಾದವಿಲ್ಲ, ಕಣ್ಣು ಕಾಣದು, ಬೇಸಿಗೆ ಮುಗಿಯುವುದರೊಳಗೆ ಬಿಡಬೇಕು, ಹೋಗಲು ಜಾಗವಿಲ್ಲ. ಯಾರೂ ಒತ್ತಾಯ ಮಾಡಿ ಕೇಳಿದ್ದಲ್ಲ. ಊರಿನಲ್ಲಾದರೆ ಬಂದವರಿಗೆ ಇಷ್ಟನ್ನು ಹೇಳದಿದ್ದರೆ ಗರ್ವದ ಹೆಂಗಸು ಎನ್ನುತ್ತಾರೆ. ಊರಿನಲ್ಲಿ ಅದು ಮೊದಲೇ ಎಲ್ಲರಿಗೂ ಗೊತ್ತಿರುವ ಸಂಗತಿ, ಹೇಳಿದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಅದು ಗೊತ್ತಿದ್ದದ್ದು ಬೀದಿಯವರಿಗೆ, ಚರ್ಚಿನವರಿಗೆ ಮಾತ್ರ, ಅವರಲ್ಲಿ ನಾನೊಬ್ಬಳು. ಆ ವ್ಯತ್ಯಾಸ ನನಗೆ ಹೊಳೆಯಲಿಲ್ಲ.

ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಒಂದು ಹಿಡಿ ಸಂಡಿಗೆ ಕಟ್ಟಿಕೊಟ್ಟೆ.

ಒಂದು ತಿಂಗಳು ಕಳೆದು ಮತ್ತೆ ಬಂದ, ಒಂದು ಡಬ್ಬಿ ಮೈಸೂರು ಪಾಕು ಹಿಡಿದುಕೊಂಡು.

"ನಿಮ್ಮಿಂದ ದೊಡ್ಡ ಹೆಲ್ಪ್ ಆಯ್ತು ಅಜ್ಜಿ."

"ಏನಪ್ಪ ಅಂಥದ್ದು?"

"ಆ ಗಾಲಿ ಕುರ್ಚಿ ಮುದುಕನ್ನ ಹುಡುಕಿದೆ. ನೀವು ಹೇಳಿದ ಬಾಗಿಲೇ. ಅವನ ಅರ್ಧ ನಮ್ಮ ಕಂಪನಿಗೆ ಬಂತು. ಇನ್ನರ್ಧ ತಾನಾಗೇ ಬರತ್ತೆ. ಪಾಲು ಮಾಡಿಕೊಡಿ ಅಂತ ಕೋರ್ಟಿಗೆ ಹಾಕಿದ್ರೆ ಇಡೀ ಮನೆ ಮಾರಿಸಿಬಿಡ್ತಾರೆ."

"ಅವ್ನು ಮಾರ್ದನಾ?"

ನಕ್ಕ. "ಮಾರ್ತಿದೀನಿ ಅಂತ ಅವನಿಗೆ ಗೊತ್ತಿದ್ರೆ ತಾನೇ. ಶಿಫ್ಟಿಂಗಿಗೆ ಹೆಲ್ಪ್ ಮಾಡೋ ಪೇಪರ್ ಅಂದೆ. ಸ್ವಲ್ಪ ಕ್ಯಾಶ್ ಕೊಟ್ಟೆ. ಕಣ್ಣು ಕಾಣಲ್ಲ ಪಾಪ, ಎಲ್ಲಿ ಅಂದ್ರೆ ಅಲ್ಲಿ ಸೈನ್ ಹಾಕ್ದ." ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ನಿಮ್ಮ ಮಗಳಿಗೆ ಹೇಳಿ ಅಜ್ಜಿ. ಎಷ್ಟು ದಿನ ಬಾಡಿಗೆ ಕಟ್ತಾರೆ? ಮನೆ ನಮ್ಮ ಕೈಗೆ ಬಂದ ಮೇಲೆ ನಮ್ಮೋರಿಗೇ ಫಸ್ಟ್ ಚಾನ್ಸ್."

ನಾನು ಆಗಲೇ ಎರಡು ತುಂಡು ತಿಂದಿದ್ದೆ.

ಮಗಳು ಬಂದ ಮೇಲೆ ಎಲ್ಲ ಹೇಳಿದೆ. ಅವಳು ಶೂ ಬಿಚ್ಚುತ್ತ ಕೂತಿದ್ದಳು. ಬಹಳ ಹೊತ್ತು ಒಂದೇ ಶೂ ಬಿಚ್ಚಿದಳು. ಆಮೇಲೆ ಕೇಳಿದಳು.

"ಎಷ್ಟಕ್ಕೆ ಕೊಡ್ತಾರಂತೆ?"

ಎಂಟು ವರ್ಷ ಬಾಡಿಗೆ ಕಟ್ಟಿದವಳು, ಇನ್ನೊಬ್ಬರ ಗೋಡೆಗೆ ಮೊಳೆ ಹೊಡೆಯಲು ಕಾಗದ ಬರೆದು ಒಪ್ಪಿಗೆ ಕೇಳಿದವಳು. ಅವಳ ಬಾಯಿಗೆ ಆ ಮಾತು ಮೊದಲು ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ತಾನೇ ಕೇಳಿದ್ದು ತನಗೇ ಕೇಳಿಸಿದ ಹಾಗೆ ಅವಳ ಕಿವಿ ಕೆಂಪಾಯಿತು.

"ನೀನು ಯಾಕವ್ವ ಅವನಿಗೆ ಎಲ್ಲಾ ಹೇಳಕ್ ಹೋದೆ?"

"ಕೇಳ್ದ, ಏಳ್ದೆ."

"ಈಗ ಸುಮ್ನಿರು. ನೀನು ಹೇಳಿದ್ದು ಅಂತ ಯಾರಿಗೂ ಗೊತ್ತಾಗಲ್ಲ."

ಒಂದು ವಾರಕ್ಕೆ ಅಕ್ಕನಿಗೆ ಕಾಗದ ಬಂತು. ಕೈಯಲ್ಲಿ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಳು. ನಾನು ಜಗಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಅವಳು ಕೂರಲಿಲ್ಲ.

"ನನ್ನ ಮನೆಯ ಅರ್ಧ ಯಾವನೋ ಕಂಪನಿಯವನದಂತೆ. ಒಂದೋ ಅವರ ಅರ್ಧ ನಾನು ಕೊಳ್ಳಬೇಕಂತೆ, ಇಲ್ಲಾ ಇಡೀ ಮನೆ ಮಾರಬೇಕಂತೆ. ಕೊಳ್ಳೋಣ ಅಂದ್ರೆ ಬ್ಯಾಂಕಿನವನು, ಮನೆ ನಿನ್ನ ಹೆಸರಲ್ಲೇ ಇಲ್ಲ, ಸಾಲ ಕೊಡಲ್ಲ ಅಂತಾನೆ." ಕಾಗದವನ್ನು ನನ್ನ ಕಡೆ ತಿರುಗಿಸಿದಳು. "ನನ್ನ ತಮ್ಮ ಇರೋದು ಎಲ್ಲಿ ಅಂತ ಅವರಿಗೆ ಯಾರು ಹೇಳಿದ್ರು? ಚರ್ಚಿನವರನ್ನೆಲ್ಲ ಕೇಳಿದೆ. ಯಾರೂ ಹೇಳಿಲ್ಲ."

"ನಾನು ಹೇಳಿದೆ" ಎಂದೆ.

ನನ್ನ ಮುಖ ನೋಡಿದಳು. ನನ್ನ ಇಂಗ್ಲಿಷು ಎಲ್ಲೋ ತಪ್ಪಿತು ಎಂದುಕೊಂಡಳೇನೋ. ಇನ್ನೊಂದು ಸಲ ಹೇಳಿದೆ, ಬೆರಳನ್ನು ನನ್ನ ಎದೆಗೆ ಇಟ್ಟು.

"ಎಷ್ಟು ಕೊಟ್ಟ ನಿನಗೆ?"

"ಏನೂ ಇಲ್ಲ. ನನ್ನ ಭಾಷೆ ಮಾತಾಡಿದ."

"ಅಷ್ಟೇನಾ?"

"ಆಮೇಲೆ ಒಂದು ಡಬ್ಬಿ ಸ್ವೀಟು ತಂದ."

"ನಿಮ್ಮಣ್ಣಂದಿರು ಸೀರೆನಾದ್ರೂ ಕೊಟ್ಟಿದ್ರು" ಎಂದಳು. ನಗಲಿಲ್ಲ. ಕಾಗದ ಮಡಚಿಕೊಂಡು, ಕಂಬಿ ಹಿಡಿಯದೆ ಹನ್ನೊಂದು ಮೆಟ್ಟಿಲು ಇಳಿದು ಹೋದಳು.

ಮೂರು ವಾರ ಮಾತಿಲ್ಲ. ಭಾನುವಾರ ಮೆಟ್ಟಿಲ ಬುಡದ ಕುರ್ಚಿ ಖಾಲಿ. ತಾನು ಏನು ಸೈನು ಹಾಕಿದೆ ಎಂದು ತಮ್ಮನಿಗೆ ಆಗ ಗೊತ್ತಾಗಿತ್ತು, ಅಕ್ಕನ ಮುಖ ನೋಡಲು ನಾಚಿಕೆಯೋ ಭಯವೋ, ಬರಲಿಲ್ಲ. ಅವಳು ತಟ್ಟೆಗೆ ಮುಚ್ಚಳ ಮುಚ್ಚಿಕೊಂಡು ತಾನೇ ಮೂರು ಬೀದಿ ನಡೆದು ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೈಸೂರು ಪಾಕಿನ ಉಳಿದ ತುಂಡುಗಳನ್ನು ಅಳಿಯ ತಿಂದ. ಚೆನ್ನಾಗಿದೆ, ಎಲ್ಲಿಂದ ತಂದಿರಿ ಎಂದು ಕೇಳಿದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ನಾಲ್ಕನೇ ವಾರ ಅಕ್ಕ ಬಂದು ಕೆಳಗಿನ ಮೆಟ್ಟಿಲಲ್ಲೇ ನಿಂತಳು.

"ನಿನ್ನ ಬಾಯಿ ಈಗ ನನಗೆ ಬೇಕು. ಬುಧವಾರ ಚರ್ಚಿನ ಕೆಳಗಿನ ಹಾಲಿಗೆ ಬಾ. ಫೀಸು ತಗೊಳ್ಳದ ಲಾಯರಮ್ಮ ಬರ್ತಾಳೆ."

ಮಗಳಿಗೆ ಹೇಳಿದರೆ ಎಗರಿಬಿದ್ದಳು. "ಅವ್ವ, ಅವನು ನಮ್ಮ ಅಸೋಸಿಯೇಷನ್ನಲ್ಲಿದಾನೆ. ಮುಂದಿನ ಯುಗಾದಿಗೆ ಊಟ ಬಡಿಸೋದು ಅವನೇ. ನಾವು ಹೆಂಗೆ ಮುಖ ತೋರಿಸೋದು? ನಮ್ಮೋರ ಮೇಲೆ ನಾವೇ..."

"ನೀನು ಬರ್ಬ್ಯಾಡ. ನಾನೇ ಓಯ್ತೀನಿ."

"ನಿನ್ನ ಇಂಗ್ಲಿಷಲ್ಲಿ?"

"ಊಂ. ನನ್ನ ಇಂಗ್ಲಿಷಲ್ಲಿ."

ಬುಧವಾರ ರಜೆ ಹಾಕಿ ಅವಳೇ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಬೈದಳು.

ಲಾಯರಮ್ಮ ಚಿಕ್ಕ ಹುಡುಗಿ. ಅವನು ಏನು ಹೇಳಿದ, ಅವನ ಮಾತಿನಲ್ಲೇ ಹೇಳಿ ಎಂದಳು. ನಾನು ಕನ್ನಡದಲ್ಲಿ ಹೇಳಿದೆ, ಮಗಳು ಇಂಗ್ಲಿಷು ಮಾಡಿದಳು. ಕಣ್ಣು ಕಾಣಲ್ಲ ಪಾಪ ಎನ್ನುವಲ್ಲಿ ಮಗಳು ಪಾಪವನ್ನು ಬಿಟ್ಟಳು. ಅದೂ ಹೇಳು, ಅವನು ಪಾಪ ಅಂದ ಎಂದೆ. ಹೇಳಿದಳು. ಲಾಯರಮ್ಮ ಬರೆದುಕೊಂಡಳು. ಕೊನೆಗೆ ಕಾಗದ ಮುಂದಿಟ್ಟು, ನಿಮಗೆ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲಿ ಸೈನು ಹಾಕಿ ಎಂದಳು. ಮದ್ದೂರಿನಲ್ಲಿ ಹಾಕಿದ ಹಾಗೇ ಕನ್ನಡದಲ್ಲಿ ಹೆಸರು ಬರೆದೆ. ಆಚೆ ಬದಿಯಲ್ಲಿ ಅಕ್ಕನೂ ಅವಳ ತಮ್ಮನೂ ಕೂತಿದ್ದರು. ತಮ್ಮ ನನ್ನ ಕಡೆ ನೋಡಿ ತಲೆ ಆಡಿಸಿದ. ಅಕ್ಕ ಕಾಗದವನ್ನು ನೋಡುತ್ತಿದ್ದಳು.

ಹತ್ತು ದಿನಕ್ಕೆ ಆ ಚನ್ನರಾಯಪಟ್ಟಣದವನ ಫೋನು ಬಂತು.

"ಏನಜ್ಜಿ, ನಿಮ್ಮನೇಲಿ ಉಪ್ಪಿಟ್ಟು ತಿಂದಿದೀನಿ. ನಮ್ಮೋರೇ ಹಿಂಗೆ ಮಾಡಿದ್ರೆ?"

"ಯಾರ ಪೈಕಿ ಅಂತ ಕೇಳಿದ್ದೆ ಕಣಪ್ಪ, ಏನು ಕೆಲ್ಸ ಮಾಡ್ತೀಯ ಅಂತ ಸರ್ಯಾಗಿ ಕೇಳ್ನಿಲ್ಲ. ತಪ್ಪು ನಂದೇ."

ಫೋನು ಇಟ್ಟ.

ಕಂಪನಿಯವರಿಗೆ ಕೋರ್ಟಿನಲ್ಲಿ ಈ ಮಾತು ಹೊರಬರುವುದು ಬೇಡವಾಗಿತ್ತು. ತಮ್ಮನ ಸೈನಿನ ಕಾಗದವನ್ನು ರದ್ದು ಮಾಡಿಕೊಟ್ಟರು. ಲಾಯರಮ್ಮ ಅಷ್ಟಕ್ಕೆ ಬಿಡದೆ, ಇನ್ನು ಸತ್ತವರ ಹೆಸರು ಸಾಕು ಎಂದು ಕೋರ್ಟಿನಲ್ಲಿ ಅರ್ಜಿ ಹಾಕಿಸಿ ಮನೆಯನ್ನು ಅಕ್ಕತಮ್ಮ ಇಬ್ಬರ ಹೆಸರಿಗೂ ಮಾಡಿಸಿದಳು. ಅಕ್ಕ ಆ ಕಾಗದ ತಂದು ನನಗೆ ತೋರಿಸಲಿಲ್ಲ. ಮಗಳಿಗೆ ತೋರಿಸಿದಳು. ಮಗಳು ನನಗೆ ಹೇಳಿದಳು.

ಮನೆ ಉಳಿಯಿತು ಎಂದುಕೊಂಡೆ. ಉಳಿಯಲಿಲ್ಲ.

ಸರ್ಕಾರಿ ಮನೆಗಳು ಖಾಲಿಯಾಗುತ್ತಿದ್ದವು. ತಮ್ಮನ ಸಾಲಿನಲ್ಲಿ ಅವನೊಬ್ಬನೇ ಉಳಿದಿದ್ದ. ಅವನ ಬಾಡಿಗೆಯ ಕಾಗದವನ್ನು ಆಗಲೂ ಯಾರೂ ಮುಟ್ಟಲಿಲ್ಲ. ಕಾನೂನಿನಲ್ಲಿ ಅರ್ಧ ಮನೆಯ ಒಡೆಯ, ಒಳಗೆ ಹೋಗಲು ಆಗದವನು. ಗಾಲಿ ಕುರ್ಚಿ ಹತ್ತುವ ಹಾಗೆ ಇಳಿಜಾರು ಮಾಡಿಸೋಣವೆಂದು ಅಕ್ಕ ಬಡಗಿಯನ್ನು ಕರೆಸಿದಳು. ಅವನು ಟೇಪು ಹಿಡಿದು ಅಳೆದು, ರೂಲಿನ ಪ್ರಕಾರ ಮಾಡಿದರೆ ಇಳಿಜಾರು ರಸ್ತೆ ದಾಟಿ ಎದುರು ಮನೆಯ ಜಗಲಿಗೆ ಹೋಗುತ್ತದೆ ಎಂದ. "ಅವರಿಗೂ ಊಟ ಹಾಕಬೇಕಾಗತ್ತೆ" ಎಂದ ತಮ್ಮ, ಕೆಳಗಿನ ಕುರ್ಚಿಯಿಂದ. ಮನೆಯ ಅಡಿಯಲ್ಲಿ ರೂಮು ಮಾಡೋಣವೆಂದರೆ ಸೂರು ತಗ್ಗು, ಪರವಾನಗಿ ಸಿಗದು.

ಅಕ್ಕ ಮಾರಿದಳು. ಆ ಕಂಪನಿಗಲ್ಲ, ಬೋರ್ಡು ಹಾಕಿ, ನಾಲ್ಕು ಜನರನ್ನು ನೋಡಿ, ಹೆಚ್ಚು ಕೊಟ್ಟವರಿಗೆ. ಬಂದವರಲ್ಲಿ ಒಬ್ಬರೂ ಕಪ್ಪು ಜನ ಇರಲಿಲ್ಲ. ಕಂಪ್ಯೂಟರ್ ಕೆಲಸದ ಗಂಡ ಹೆಂಡತಿ ಕೊಂಡರು. ಆ ದುಡ್ಡಿಗೆ ಅಕ್ಕನಿಗೂ ತಮ್ಮನಿಗೂ ಓಕ್ಲ್ಯಾಂಡಿನಲ್ಲಿ ಮೆಟ್ಟಿಲಿಲ್ಲದ ಮನೆ ಎಲ್ಲೂ ಸಿಗಲಿಲ್ಲ. ಗುಡ್ಡ ದಾಟಿ, ಸ್ಟಾಕ್ಟನ್ ಕಡೆ, ನೆಲಕ್ಕೆ ಅಂಟಿದ ಹಾಗಿರುವ ಒಂದು ಮನೆ ಕೊಂಡರು.

ಆ ರಿಯಲ್ ಎಸ್ಟೇಟಿನವನು ಬರದಿದ್ದರೂ ಅಕ್ಕ ಮಾರುತ್ತಿದ್ದಳೇ? ಮಗಳು ಹಾಗೇ ಹೇಳುತ್ತಾಳೆ, ನನ್ನ ಸಮಾಧಾನಕ್ಕೆ. ಇರಬಹುದು. ಅಥವಾ ಹೇಗಾದರೂ ತಮ್ಮನಿಗೆ ಹತ್ತಿರದಲ್ಲೇ ಒಂದು ಕೆಳಮನೆ ಹುಡುಕಿ, ತಾನು ಸಾಯುವವರೆಗೂ ತಾಯಿಯ ಮನೆಯಲ್ಲೇ ಇರುತ್ತಿದ್ದಳೋ ಏನೋ. ಕಂಪನಿಯ ಕಾಗದ ಬಂದ ದಿನದಿಂದ ಅವಳಿಗೆ ಆ ಮನೆಯಲ್ಲಿ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲವಂತೆ. ಅದನ್ನೂ ಅವಳು ಹೇಳಿದ್ದು ಮಗಳಿಗೇ.

ಲಾರಿ ಬಂದ ದಿನ ನಾನು ಚಪಾತಿ ಪಲ್ಯ ಕಟ್ಟಿಕೊಂಡು ಹೋದೆ. ತೆಗೆದುಕೊಂಡಳು. ಎಲ್ಲ ಸಾಮಾನು ಏರಿಸಿದ ಮೇಲೆ ಮೆಟ್ಟಿಲ ಬುಡದ ಕುರ್ಚಿ ಉಳಿದಿತ್ತು. "ಇದು?" ಎಂದೆ.

"ಬೇಡ. ಇನ್ನು ಮೇಲೆ ಅವನು ಒಳಗೆ ಕೂತೇ ತಿಂತಾನೆ" ಎಂದಳು.

ಕುರ್ಚಿಯನ್ನು ನಾನು ತಂದುಕೊಂಡೆ. ಮಂಡಿ ನೋವು ಶುರುವಾಗಿತ್ತು, ಕೆಲಸಕ್ಕೆ ಬಂತು.

ಹೊಸಬರು ಮನೆಗೆ ಬೂದು ಬಣ್ಣ ಹೊಡೆಸಿದರು, ಗೇಟು ಹಾಕಿಸಿದರು. ಒಂದೂವರೆ ವರ್ಷಕ್ಕೆ ಡಾಟ್ ಕಾಮ್ ಮುಳುಗಿತು ಎಂದರು. ಆ ಗಂಡಸು ಕೆಲಸ ಹೋಗಿ ಹಗಲೆಲ್ಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಅವನಿಗೂ ಒಂದು ಸಲ ಸಂಡಿಗೆ ಕೊಟ್ಟೆ. ಚೆನ್ನಾಗಿದೆ, ಚೆನ್ನಾಗಿದೆ ಎಂದ. ನಮ್ಮ ಮನೆಯ ಮಾಲೀಕರು ಬಾಡಿಗೆ ಏರಿಸಿದರು, ಮುಳುಗಿದ ಮೇಲೂ ಇಳಿಸಲಿಲ್ಲ. ನಾವು ಸ್ಯಾನ್ ರಮೋನಿಗೆ ಬಂದೆವು. ಇಲ್ಲಿ ಎಲ್ಲಿ ತಿರುಗಿದರೂ ಕನ್ನಡ. ಯಾರಾದರೂ ಪಕ್ಕದ ಮನೆ ಯಾರದು ಆಂಟಿ ಎಂದರೆ, ಗೊತ್ತಿಲ್ಲ ಎನ್ನುತ್ತೇನೆ. ಗರ್ವದ ಹೆಂಗಸು ಎನ್ನುವವರು ಎನ್ನಲಿ.

ಅಕ್ಕ ವರ್ಷಕ್ಕೆ ಎರಡು ಮೂರು ಸಲ ಫೋನು ಮಾಡುತ್ತಾಳೆ. ತಮ್ಮನ ಇನ್ನೊಂದು ಕಾಲು ಹೇಗಿದೆ, ಅಲ್ಲಿಯ ಬಿಸಿಲು ಎಷ್ಟು, ಹೊಸ ಚರ್ಚಿನ ಪಾದ್ರಿ ಎಷ್ಟು ಉದ್ದ ಮಾತಾಡುತ್ತಾನೆ, ಎಲ್ಲ ಹೇಳುತ್ತಾಳೆ. ಮೊದಲ ಸಲ ಮಾಡಿದಾಗ ನಾನು ಸಂಡಿಗೆ ಕಳಿಸುತ್ತೇನೆ, ಅಡ್ರೆಸ್ಸು ಹೇಳು ಎಂದೆ.

"ಫೋನ್ ನಂಬರು ಇದೆಯಲ್ಲ, ಸಾಕು" ಎಂದಳು. "ಈ ಸಲ ಉಪ್ಪು ಸರಿಯಾಗಿ ಹಾಕಿದೀಯಾ?"

"ಹಾಕಿದೀನಿ" ಎಂದೆ.

ಅವಳಿರುವ ಊರು ಗೊತ್ತು. ಬೀದಿ ಗೊತ್ತಿಲ್ಲ. ನಾನು ಮತ್ತೆ ಕೇಳಿಲ್ಲ.